ಧಾರೆಗೊಬ್ಬ ಮುತ್ತಾತ

ಅಪ್ಪ ಷರತ್ತು ಹಾಕಿದ್ದು ಅನ್ನಕ್ಕೆ ಹುಳಿ ಕಲೆಸಿಕೊಳ್ಳುತ್ತಾ. ವುಲ್ವರ್‌ಹ್ಯಾಂಪ್ಟನ್ನಿನ ಮನೆಯಲ್ಲಿ ಭಾನುವಾರದ ಊಟ ಎರಡು ಗಂಟೆಗೆ. ಆಸ್ಪತ್ರೆಯ ಪಾಳಿಯ ಪಟ್ಟಿಯಲ್ಲಿ ಅಪ್ಪನಿಗೆ ಭಾನುವಾರ ಬಿಡುವಿದ್ದರೆ ನಾನು ಲೀಡ್ಸ್‌ನಿಂದ ಬೆಳಗಿನ ರೈಲು ಹಿಡಿದು ಹೋಗಿ ಆ ಊಟಕ್ಕೆ ಕೂರಬೇಕು.

"ಹುಡುಗ ಇಂಗ್ಲೆಂಡಿನವನು ಅಂತ ನನಗೇನೂ ತಕರಾರಿಲ್ಲ" ಎಂದರು.

ಅಪ್ಪ ತಕರಾರಿಲ್ಲ ಎಂದು ಶುರು ಮಾಡಿದರೆ ತಕರಾರು ತಯಾರಾಗಿದೆ ಎಂದು ಅರ್ಥ.

"ಗೋತ್ರ ಇಲ್ಲದವರಿಗೆ ಕಾಶ್ಯಪ ಅಂತ ಹೇಳ್ಬಿಡಬಹುದು. ಅದಕ್ಕೆ ಶಾಸ್ತ್ರದಲ್ಲೇ ದಾರಿ ಇದೆ. ಆದ್ರೆ ಧಾರೆ ಎರೆಯೋವಾಗ ಮೂರು ತಲೆಮಾರಿನ ಹೆಸರು ಹೇಳ್ಬೇಕು. ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಅಂತ. ಅದಕ್ಕೆ ದಾರಿ ಇಲ್ಲ. ಹುಡುಗನ ಮುತ್ತಾತನ ಹೆಸರು ತಗೊಂಡು ಬಾ. ನಾನೇ ನಿಂತು ಧಾರೆ ಎರೀತೀನಿ."

"ತರದಿದ್ರೆ?"

"ರಿಜಿಸ್ಟರ್ ಆಫೀಸಿದೆಯಲ್ಲ. ಅಲ್ಲಿ ನನ್ನ ಅವಶ್ಯಕತೆ ಇರಲ್ಲ."

ಅಮ್ಮ ಹಪ್ಪಳದ ಡಬ್ಬಿಯ ಮುಚ್ಚಳ ತೆಗೆಯುತ್ತಾ ನಿಂತಿದ್ದಳು. ಅಪ್ಪ ಬರದ ಮದುವೆಗೆ ತಾನೂ ಬರುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಅದರಲ್ಲಿ ಬೆದರಿಕೆಯೇನೂ ಇರಲಿಲ್ಲ. ನಾಳೆ ಹಾಲು ತರಬೇಕು ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಅಪ್ಪ ಬರದಿದ್ದರೆ ನಾನು ತಡೆದುಕೊಳ್ಳಬಲ್ಲೆ. ಅಮ್ಮ ಇಲ್ಲದ ಮದುವೆ ನನಗೆ ಬೇಕಿರಲಿಲ್ಲ.

ನಾನು ಮದುವೆಯಾಗಬೇಕಿದ್ದ ಹುಡುಗನ ತಾತ ಡೆನ್ಮಾರ್ಕಿನಿಂದ ಬಂದವರು ಎಂದು ಅಪ್ಪನಿಗೆ ಹೇಳಿದವಳು ನಾನೇ, ಹಿಂದೊಮ್ಮೆ, ಯಾವ ಕಾರಣವೂ ಇಲ್ಲದೆ. ಆ ತಾತ ತನ್ನ ಊರಿನ ವಿಷಯವನ್ನು ಮನೆಯಲ್ಲಿ ಎಂದೂ ಎತ್ತಿರಲಿಲ್ಲ, ಕೋಪನ್‌ಹೇಗನ್ ಎಂಬ ಒಂದು ಪದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದ್ದೆ. ಅಪ್ಪ ಒಳ್ಳೆಯ ಡಾಕ್ಟರು. ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದನ್ನು ಎರಡು ಬೆರಳಿನಲ್ಲಿ ಕಂಡುಹಿಡಿಯುತ್ತಾರೆ.

ಊಟದ ಮೇಜಿನ ಎದುರು ಗೋಡೆಯಲ್ಲಿ ನಮ್ಮ ವಂಶವೃಕ್ಷ ಇದೆ. ಮೈಸೂರಿನಿಂದ ಬರುವಾಗ ಕಟ್ಟು ತೆಗೆಸಿ ಸುರುಳಿ ಸುತ್ತಿ ತಂದು ಇಲ್ಲಿ ಮತ್ತೆ ಕಟ್ಟು ಹಾಕಿಸಿದ್ದು. ಹನ್ನೊಂದು ತಲೆಮಾರು, ಎಲ್ಲ ಗಂಡಸರು. ನನ್ನ ಹೆಸರು ಅದರಲ್ಲಿಲ್ಲ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ಅಮ್ಮ, "ನಿಮ್ಮ ಮುತ್ತಾತ ದತ್ತು ಬಂದವರಲ್ವೇನ್ರೀ?" ಎಂದಳು.

"ದತ್ತು ಅಂದ್ರೆ ಏನಂದ್ಕೊಂಡೆ? ಹೋಮ ಮಾಡಿ, ನಾಲ್ಕು ಜನರ ಮುಂದೆ ತಗೊಂಡಿದ್ದು. ತಗೊಂಡ ಮೇಲೆ ಮುಗೀತು. ಹೆತ್ತವರು ಯಾರು ಅಂತ ಕೇಳೋ ಹಾಗಿಲ್ಲ."

"ನಾನೇನು ಕೇಳ್ಲಿಲ್ಲಪ್ಪ" ಎಂದು ಅಮ್ಮ ಹಪ್ಪಳ ಕರಿಯಲು ಒಳಗೆ ಹೋದಳು.

ಮುಂದಿನ ಶನಿವಾರ ನಾನು ಮ್ಯಾಕಲ್ಸ್‌ಫೀಲ್ಡ್‌ಗೆ ಹೋದೆ. ಹುಡುಗನ ತಂದೆ ಅಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಔಷಧಿ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡಿ ನಿವೃತ್ತರಾದ ಮನುಷ್ಯ. ಅವರ ಮನೆಯಲ್ಲಿ ಪ್ರತಿಯೊಂದಕ್ಕೂ ಫೈಲು. ತಾತನ ಕಾಗದಗಳು ಬಾಯ್ಲರಿನ ಗ್ಯಾರಂಟಿ ಪತ್ರ ಮತ್ತು ಕೌನ್ಸಿಲ್ ಟ್ಯಾಕ್ಸ್‌ನ ಫೈಲುಗಳ ನಡುವೆ ಇದ್ದವು. ಫೈಲನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವರ ಮಾತಿನ ಖಾರ ಇಲ್ಲಿ ಅರ್ಧ ಮಾತ್ರ ಬಂದಿದೆ.

"ನಿಮ್ಮಪ್ಪನಿಗೆ ಇದೆಲ್ಲ ಯಾಕೆ ಬೇಕು?"

ಧಾರೆಯ ವಿಷಯ ವಿವರಿಸಿದೆ. ನೀರು ಬಿಡುವುದು, ಮೂರು ಸಲ ಹೆಸರು ಹೇಳುವುದು.

"ಅಂದರೆ ನಾವು ಪರೀಕ್ಷೆಯಲ್ಲಿ ಪಾಸಾಗಬೇಕು."

"ಪರೀಕ್ಷೆ ನನಗೆ."

"ಅಲ್ಲ. ಪ್ರಶ್ನೆಪತ್ರಿಕೆ ನಮ್ಮ ಮನೆಗೆ ಬಂದಿದೆ" ಎಂದು ಫೈಲನ್ನು ನನ್ನ ಕಡೆ ತಳ್ಳಿದರು.

ಅದರಲ್ಲಿ ಇದ್ದದ್ದು ಮೂರೇ ವಸ್ತು. ಒಂದು, ಹೊರದೇಶದವರು ಪೊಲೀಸರಲ್ಲಿ ನೋಂದಾಯಿಸಿಕೊಂಡಾಗ ಕೊಡುತ್ತಿದ್ದ ಚಿಕ್ಕ ರಟ್ಟಿನ ಪುಸ್ತಕ: ಹುಟ್ಟಿದ ದಿನ, ಹುಟ್ಟಿದ ಊರು ಕೋಪನ್‌ಹೇಗನ್, ಅಷ್ಟೇ. ಎರಡು, ಡೇನಿಶ್ ಭಾಷೆಯಲ್ಲಿ ಎರಡು ಸಾಲು ಬರೆದ ಒಂದು ಅಂಚೆ ಕಾರ್ಡು, ಕಳಿಸಿದವರ ಬೀದಿಯ ವಿಳಾಸ ಸಹಿತ. ಮೂರು, ತಾತ ಈ ಊರಿನಲ್ಲಿ ರೇಷ್ಮೆ ಗಿರಣಿಯ ಹುಡುಗಿಯನ್ನು ಮದುವೆಯಾದಾಗಿನ ಸರ್ಟಿಫಿಕೇಟು. ಇಂಗ್ಲೆಂಡಿನ ಮದುವೆ ಸರ್ಟಿಫಿಕೇಟಿನಲ್ಲಿ ವರನ ತಂದೆಯ ಹೆಸರು, ಉದ್ಯೋಗ ಬರೆಯುವ ಅಂಕಣವಿರುತ್ತದೆ. ಅಲ್ಲಿ ಒಂದು ಪೂರ್ತಿ ಹೆಸರಿತ್ತು. ಉದ್ಯೋಗ: ಹಡಗಿನ ಕಪ್ತಾನ. ಪಕ್ಕದಲ್ಲಿ: ದಿವಂಗತ.

"ಇದೋ ನಿಮ್ಮ ಮುತ್ತಾತ. ತಗೊಂಡು ಹೋಗು" ಎಂದರು.

ನಾನು ತೆಗೆದುಕೊಂಡು ಹೋಗಬೇಕಿತ್ತು. ಆ ಮಧ್ಯಾಹ್ನವೇ ನೇರ ವುಲ್ವರ್‌ಹ್ಯಾಂಪ್ಟನ್ನಿನ ರೈಲು ಹತ್ತಿ ಅಪ್ಪನ ಮುಂದೆ ಹರಡಬೇಕಿತ್ತು. ಆದರೆ ಸ್ಟೇಷನ್ನಿನಿಂದ ಫೋನು ಮಾಡಿದೆ. ಗೆದ್ದ ಸುದ್ದಿ ಹೇಳುವ ಆತುರ.

ಅಪ್ಪ ಪೂರ್ತಿ ಕೇಳಿಸಿಕೊಂಡರು. "ಮದುವೆ ಸರ್ಟಿಫಿಕೇಟಿನಲ್ಲಿ ಗಂಡು ಏನು ಹೇಳ್ತಾನೋ ಅದನ್ನ ಬರ್ಕೋತಾರೆ. ಯಾರೂ ಪರೀಕ್ಷೆ ಮಾಡಲ್ಲ. ಅದು ಪುರಾವೆ ಅಲ್ಲ, ಹೇಳಿಕೆ. ಸ್ಟ್ಯಾಟಿಸ್ಟಿಕ್ಸ್ ಓದಿದವಳು ನೀನು. ನಿನಗೆ ನಾನು ಹೇಳ್ಕೊಡಬೇಕಾ?"

ಅವರು ಹೇಳಿದ್ದು ಸರಿ. ಅದೇ ನನಗೆ ತಡೆಯಲಾಗದ್ದು. ಬೇರೆ ಯಾವ ಮಾತನ್ನಾದರೂ ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಲ್ಲೆ, ಸರಿಯಾದ ಮಾತನ್ನಲ್ಲ. ಹುಟ್ಟಿದ ದಾಖಲೆಯನ್ನೇ ತಂದು ತೋರಿಸುತ್ತೇನೆ ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಿದೆ.

"ನೋಡೋಣ" ಎಂದರು ಅಪ್ಪ. ಆ ಪದವನ್ನು ಅವರು ರೋಗಿಯ ಕಡೆಯವರಿಗೆ ಹೇಳುವ ರೀತಿಯಲ್ಲೇ ನನಗೂ ಹೇಳುತ್ತಾರೆ.

ಡೆನ್ಮಾರ್ಕಿನಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದದ್ದು ಚರ್ಚಿನ ಪುಸ್ತಕಗಳಲ್ಲಿ. ಪ್ರತಿ ಚರ್ಚಿಗೂ ಅದರದೇ ಪ್ರದೇಶ, ಅದನ್ನು ಪ್ಯಾರಿಷ್ ಎನ್ನುತ್ತಾರೆ. ಹಳ್ಳಿಯವನಾದರೆ ಪ್ಯಾರಿಷ್ ಹುಡುಕುವುದು ಕಷ್ಟವಲ್ಲ. ಕೋಪನ್‌ಹೇಗನ್ನಿನಂಥ ನಗರದಲ್ಲಿ ಚರ್ಚುಗಳು ಬೀದಿಗೊಂದು ಎನ್ನುವಷ್ಟು. ಪುಸ್ತಕಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಯಾವ ಚರ್ಚು ಎಂದು ಗೊತ್ತಿಲ್ಲದಿದ್ದರೆ ಬಾಗಿಲು ತೆರೆದಿದ್ದೂ ಪ್ರಯೋಜನವಿಲ್ಲ. ತಾತನ ಮನೆತನದ ಹೆಸರೋ, ನಮ್ಮಲ್ಲಿ ರಾವ್ ಎಂದ ಹಾಗೆ, ಪುಟಕ್ಕೆ ಹತ್ತು ಜನಕ್ಕೆ ಇತ್ತು.

ನನ್ನ ಬಳಿ ಅಂಚೆ ಕಾರ್ಡಿನ ವಿಳಾಸವಿತ್ತು. ಯಾವ ಬೀದಿ ಯಾವ ಪ್ಯಾರಿಷ್‌ಗೆ ಸೇರಿದ್ದು ಎಂದು ಹೇಳುವ ಪಟ್ಟಿಗಳಿವೆ. ಬೀದಿಯಿಂದ ಪ್ಯಾರಿಷ್ ಹಿಡಿದೆ. ಆ ಚರ್ಚಿನ ಆ ವರ್ಷದ ಗಂಡುಮಕ್ಕಳ ಪುಟಗಳನ್ನು ತೆರೆದೆ. ಲೀಡ್ಸ್‌ನ ಹೆಡಿಂಗ್ಲೀಯ ಬಾಡಿಗೆ ಮನೆಯಲ್ಲಿ, ಪಕ್ಕದ ಮನೆಯ ವಿದ್ಯಾರ್ಥಿಗಳು ಇನ್ನೂ ಎದ್ದಿರದ ಶನಿವಾರದ ಬೆಳಗಿನಲ್ಲಿ, ಒಂದೊಂದೇ ಸಾಲು ಓದಿದೆ. ಆ ಪಾದ್ರಿಯ ಕೈಬರಹ ಓದುವುದು ಅಭ್ಯಾಸವಾಗಲು ಮೂರು ಶನಿವಾರ ಹಿಡಿಯಿತು. ತಾತನ ಹುಟ್ಟಿದ ದಿನಕ್ಕೆ ಹುಟ್ಟಿದ ಮಕ್ಕಳು ಇಬ್ಬರಿದ್ದರು. ಇಬ್ಬರೂ ಅವರಲ್ಲ. ಹಿಂದಿನ ವರ್ಷ, ಮುಂದಿನ ವರ್ಷ ನೋಡಿದೆ. ಪಕ್ಕದ ಪ್ಯಾರಿಷ್ ನೋಡಿದೆ. ಅದರ ಪಕ್ಕದ್ದನ್ನೂ.

ಹೀಗೆ ಹತ್ತು ತಿಂಗಳು. ಅಪ್ಪ ವಾರಕ್ಕೊಮ್ಮೆ ಫೋನಿನಲ್ಲಿ, ಹಲೋ ಎನ್ನುವ ಬದಲಿಗೆ "ಸಿಕ್ಕಿದರಾ?" ಎನ್ನುತ್ತಿದ್ದರು. ಬಹುವಚನ ಬೇಕೆಂದೇ. "ಇನ್ನೂ ಬೀದಿ ಸುತ್ತುತಾನೇ ಇದ್ದೀಯಾ? ಒಂದು ಕೆಲಸ ಮಾಡು, ಅವರನ್ನೇ ಕೂಗಿ ನೋಡು."

ಮದುವೆಯಾಗಬೇಕಿದ್ದವನೂ ಬೇಸತ್ತಿದ್ದ. ಅವನೂ ನಾನೂ ಒಂದೇ ಎಂಜಿನಿಯರಿಂಗ್ ಕಂಪನಿಯಲ್ಲಿ ಇದ್ದವರು. ನಾನು ತಪ್ಪು ಲೆಕ್ಕ ಹುಡುಕಿ ಕೊಡುವವಳು, ಅವನು ಅದನ್ನು ತಿದ್ದುವವನು, ಪರಿಚಯವಾದದ್ದೇ ಹಾಗೆ. "ನೀನು ನಮ್ಮ ಮನೆಯನ್ನೂ ಆಡಿಟ್ ಮಾಡ್ತಿದ್ದೀಯ" ಎಂದ ಒಂದು ಬೆಳಿಗ್ಗೆ. "ನಿಮ್ಮಪ್ಪ ಕೇಳಿದ್ದು ಒಂದು ಹೆಸರು. ಹೆಸರಿದೆ. ಈಗ ಹುಡುಕ್ತಿರೋದು ನಿನಗೋಸ್ಕರ." ನಾನು ಪರದೆಯಿಂದ ಕಣ್ಣು ತೆಗೆಯದೆ, ಟೋಸ್ಟ್ ಸೀಯುತ್ತಿದೆ ನೋಡು ಎಂದೆ. ಅವನು ಟೋಸ್ಟನ್ನು ಕಸದ ಬುಟ್ಟಿಗೆ ಹಾಕಿ ಹೊರಗೆ ಹೋದ.

ನನ್ನ ತಪ್ಪು ಎಲ್ಲಿತ್ತೆಂದು ತಿಳಿದದ್ದು ಆಮೇಲೆ. ಅದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ಒಂದು ವಿಳಾಸ ಸಿಕ್ಕಿದೊಡನೆ ನಾನು ಅದನ್ನು ಊರು ಎಂದುಕೊಂಡಿದ್ದೆ. ನಮ್ಮಲ್ಲಿ ಎಷ್ಟೇ ಮನೆ ಬದಲಾಯಿಸಿದರೂ 'ಯಾವೂರಾಯ್ತು' ಎಂಬುದಕ್ಕೆ ಉತ್ತರ ಬದಲಾಗುವುದಿಲ್ಲ. ಅಪ್ಪನ ಇನಿಷಿಯಲ್ಲಿನಲ್ಲಿ ಇರುವ ಊರನ್ನು ಅಪ್ಪ ಎರಡು ಸಲ ನೋಡಿರಬಹುದು, ಆದರೂ ಅದು ಅವರ ಊರು. ಅದೇ ಲೆಕ್ಕದಲ್ಲಿ ನಾನು ಆ ಬೀದಿಯನ್ನು ಒಂದು ಮನೆತನದ ನೆಲೆ ಎಂದು ಹಿಡಿದು, ಅದರ ಸುತ್ತಲಿನ ಚರ್ಚುಗಳನ್ನು ಪ್ರದಕ್ಷಿಣೆ ಹಾಕುತ್ತಿದ್ದೆ. ಕೋಪನ್‌ಹೇಗನ್ನಿನ ಬಾಡಿಗೆದಾರರು ಆ ಕಾಲದಲ್ಲಿ ಹಾಗಿರಲಿಲ್ಲ. ವರ್ಷಕ್ಕೆ ಎರಡು ಸಲ, ಏಪ್ರಿಲಿನಲ್ಲಿ ಮತ್ತು ಅಕ್ಟೋಬರಿನಲ್ಲಿ, ಮನೆ ಬದಲಾಯಿಸುವ ದಿನವೇ ಇತ್ತು. ಅವತ್ತು ಅರ್ಧ ನಗರ ಹಾಸಿಗೆ ಮಂಚ ಗಾಡಿಗೆ ಹೇರಿಕೊಂಡು ಇನ್ನೊಂದು ಬೀದಿಗೆ ಹೋಗುತ್ತಿತ್ತು. ಇಪ್ಪತ್ತು ವರ್ಷದ ನಂತರ ಬರೆದ ಒಂದು ಕಾರ್ಡಿನ ವಿಳಾಸದಿಂದ ಹುಟ್ಟಿದ ಮನೆ ಹಿಡಿಯಲು ಹೊರಟಿದ್ದೆ ನಾನು.

ಹೀಗೆ ಮನೆ ಬದಲಾಯಿಸುವವರ ಜಾಡು ಹಿಡಿಯಲು ಅಲ್ಲಿನ ಪೊಲೀಸರು ಒಬ್ಬೊಬ್ಬರಿಗೂ ಒಂದೊಂದು ಹಾಳೆ ಇಟ್ಟಿದ್ದರು. ಹೋದ ಹೋದ ವಿಳಾಸಗಳನ್ನೆಲ್ಲ ಅದರಲ್ಲಿ ಒಂದರ ಕೆಳಗೊಂದು ಬರೆಯುತ್ತಿದ್ದರು. ಚಿಕ್ಕ ಮಕ್ಕಳ ಹೆಸರು ಮನೆಯ ಯಜಮಾನರ ಹಾಳೆಯಲ್ಲಿ. ಈ ಹಾಳೆಗಳನ್ನು ಹೆಸರಿನಿಂದ ಹುಡುಕಬಹುದು. ಮೊದಲೇ ಇಲ್ಲಿಗೆ ಬಂದಿದ್ದರೆ ಹತ್ತು ತಿಂಗಳ ಕೆಲಸ ಒಂದು ವಾರದ್ದಾಗುತ್ತಿತ್ತು.

ತಾತ ಸಿಕ್ಕಿದ್ದು ಒಬ್ಬ ವಿಧವೆಯ ಹಾಳೆಯಲ್ಲಿ. ಕೆಲಸ: ಬಟ್ಟೆ ಒಗೆಯುವುದು. ಒಂಬತ್ತು ವಿಳಾಸಗಳು. ಕೆಳಗೆ ಒಬ್ಬ ಹುಡುಗ; ಹೆಸರು, ಹುಟ್ಟಿದ ದಿನ ರಟ್ಟಿನ ಪುಸ್ತಕದಲ್ಲಿದ್ದದ್ದೇ. ಹುಡುಗನ ಮುಂದೆ ಒಂದು ಚಿಕ್ಕ ಪದ. ಅದರ ಅರ್ಥ ಸಾಕುಮಗ.

ಅವತ್ತು ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಗನಲ್ಲ, ಸಾಕುಮಗ ಎಂದ ಮೇಲೆ ಯಾವ ಪ್ಯಾರಿಷ್‌ನಲ್ಲೂ ಸಿಗದಿರುವುದಕ್ಕೆ ಕಾರಣ ಊಹಿಸಬಹುದಿತ್ತು. ಆ ನಗರದಲ್ಲಿ ಮದುವೆಯಾಗದ ಹೆಂಗಸರು ತಮ್ಮ ಹೆಸರು ಹೇಳದೆಯೇ ಹೆರಬಹುದಾದ ಒಂದು ಹೆರಿಗೆ ಆಸ್ಪತ್ರೆ ಇತ್ತು. ಅದಕ್ಕೆ ಅದರದೇ ಪುಸ್ತಕ, ಯಾವ ಬೀದಿಯ ಪಟ್ಟಿಗೂ ಸೇರದ್ದು. ಆ ಪುಸ್ತಕದ ಆ ದಿನದ ಪುಟದಲ್ಲಿ ಹುಡುಗನ ಹೆಸರಿತ್ತು. ತಾಯಿಯ ಅಂಕಣದಲ್ಲಿ ಒಂದು ಸಂಖ್ಯೆ. ತಂದೆಯ ಅಂಕಣ ಖಾಲಿ. ತಪ್ಪಿ ಬಿಟ್ಟದ್ದಲ್ಲ ಎಂದು ತಿಳಿಯಲಿ ಎಂದೋ ಏನೋ, ಅಲ್ಲೊಂದು ಅಡ್ಡಗೆರೆ ಎಳೆದಿದ್ದರು.

ನಾನು ದಿನ ತಾಳೆ ನೋಡಿದೆ. ಹೆಸರಿನ ಮೂರೂ ಭಾಗ ತಾಳೆ ನೋಡಿದೆ. ಆಸ್ಪತ್ರೆಯವರು ಮಗುವನ್ನು ಸಾಕಲು ಯಾರಿಗೆ ಕೊಟ್ಟರೆಂಬ ಪಟ್ಟಿಯಲ್ಲಿ ಒಗೆಯುವ ವಿಧವೆಯ ಹೆಸರು, ಅವಳ ಹಾಳೆಯ ಮೂರನೆಯ ವಿಳಾಸ ತಾಳೆ ನೋಡಿದೆ. ಎಲ್ಲಿಯೂ ಸಂಶಯಕ್ಕೆ ಎಡೆಯಿರಲಿಲ್ಲ. ನನ್ನ ಕೆಲಸ ಇಷ್ಟು ಅಚ್ಚುಕಟ್ಟಾಗಿ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಕಪ್ತಾನ ಎಲ್ಲಿಯೂ ಇರಲಿಲ್ಲ.

ಮದುವೆಯಾಗಬೇಕಿದ್ದವನಿಗೆ ಹೇಳಿದೆ. "ನಮ್ಮಪ್ಪನಿಗೆ ನೀನೇ ಹೇಳು" ಎಂದ. "ಅಗೆದವಳು ನೀನು."

ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಅವನ ತಂದೆ ಹಿತ್ತಲ ಬೇಲಿಗೆ ಬಣ್ಣ ಹೊಡೆಯುತ್ತಿದ್ದರು. ಬ್ರಷ್ಷನ್ನು ಕೆಳಗಿಡಲಿಲ್ಲ. ನಾನು ಪೊಲೀಸ್ ಹಾಳೆಯಿಂದ ಶುರು ಮಾಡಿದೆ, ಕ್ರಮವಾಗಿ ಹೇಳಬೇಕು ಎಂದು. ಎರಡನೆಯ ವಾಕ್ಯಕ್ಕೇ ಅವರು ಕೈ ಎತ್ತಿ ತಡೆದರು.

"ಸಂಖ್ಯೆ ಎಷ್ಟು?"

ನನಗೆ ಅರ್ಥವಾಗಲಿಲ್ಲ.

"ನನ್ನ ಅಜ್ಜಿಯ ಸಂಖ್ಯೆ. ಅಪ್ಪನಿಗೆ ಗೊತ್ತಿರಲಿಲ್ಲ. ಎಷ್ಟು?"

ಹೇಳಿದೆ. ತಂದೆಯ ಅಂಕಣದ ಅಡ್ಡಗೆರೆಯ ವಿಷಯವನ್ನೂ ಹೇಳಿದೆ. ಅವರು ಸಂಖ್ಯೆಯನ್ನು ಒಮ್ಮೆ ತಮಗೆ ತಾವೇ ಹೇಳಿಕೊಂಡರು.

"ನಿಮಗೆ ಗೊತ್ತಿತ್ತು" ಎಂದೆ.

"ನಾನು ಮದುವೆಯಾಗುವ ಹಿಂದಿನ ದಿನ ಅಪ್ಪ ಹೇಳಿದ್ದ. ತನ್ನ ಮದುವೆಗೆ ರಿಜಿಸ್ಟ್ರಾರ್ ಮುಂದೆ ನಿಂತಾಗ ಗುಮಾಸ್ತ ಕೇಳಿದನಂತೆ, ತಂದೆಯ ಹೆಸರು? ನನ್ನ ಅಮ್ಮ ಪಕ್ಕದಲ್ಲಿದ್ದಳು. ಅವಳ ಅಣ್ಣಂದಿರು ಹಿಂದೆ ಇದ್ದರು. ಅಪ್ಪ ತಾನು ಕೆಲಸ ಮಾಡಿದ ಹಡಗಿನಲ್ಲಿ ತನಗೆ ಒಂದು ಸಲ ಒಳ್ಳೆಯ ಮಾತಾಡಿದ್ದ ಕಪ್ತಾನನ ಹೆಸರು ಹೇಳಿಬಿಟ್ಟ. ಆಮೇಲೆ ಆ ಕಪ್ತಾನನೇ ನಮ್ಮ ತಾತ. ನನಗೆ ಅವನ ಕಥೆ ಹೇಳುತ್ತಿದ್ದ. ಗಡ್ಡ ಹೇಗಿತ್ತು, ಬಿರುಗಾಳಿಯಲ್ಲಿ ಏನು ಮಾಡಿದ. ನಿನಗೆ ಮೊದಲ ದಿನವೇ ಅವನನ್ನು ಕೊಟ್ಟೆ. ಪುಕ್ಕಟೆ ಕೊಟ್ಟೆ. ನೀನು ಪುರಾವೆ ಕೇಳಿದೆ."

"ಕೇಳಿದ್ದು ಅಪ್ಪ."

"ನಿಮ್ಮಪ್ಪನಿಗೆ ಡೇನಿಶ್ ಓದಲು ಬರುತ್ತದೆಯೇ?"

ಅವರು ಮತ್ತೆ ಬೇಲಿಯ ಕಡೆ ತಿರುಗಿದರು. "ಹೋಗಿ ಹೇಳು ಅವರಿಗೆ. ಡಾಕ್ಟರು ನಗಲಿ. ಆದರೆ ಹೇಳಿದ ಮೇಲೆ ನಾನು ಆ ಮದುವೆಯಲ್ಲಿ ಕೂರುವುದಿಲ್ಲ. ನನ್ನ ಅಪ್ಪನನ್ನು ಅಡ್ಡಗೆರೆಯ ಮಗ ಎಂದು ತಿಳಿದವರ ಎದುರು ನಾನು ಬೂಟು ಬಿಚ್ಚಿ ಕೂರಲಾರೆ."

ಈಗ ಲೆಕ್ಕ ಸರಳವಾಗಿತ್ತು. ನಿಜ ಹೇಳಿದರೆ ಅಪ್ಪ ಧಾರೆ ಎರೆಯುವುದಿಲ್ಲ, ಅಮ್ಮ ಬರುವುದಿಲ್ಲ, ಅವನ ತಂದೆಯೂ ಬರುವುದಿಲ್ಲ. ಸರ್ಟಿಫಿಕೇಟು ಮಾತ್ರ ತೋರಿಸಿದರೆ ಅಪ್ಪ ಹುಟ್ಟಿದ ದಾಖಲೆ ಎಲ್ಲಿ ಎಂದು ಕೇಳುತ್ತಾರೆ. ಲೀಡ್ಸ್‌ನಿಂದ ವುಲ್ವರ್‌ಹ್ಯಾಂಪ್ಟನ್ನಿನವರೆಗೆ ರೈಲಿನಲ್ಲಿ ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡು ಉತ್ತರ ಅಭ್ಯಾಸ ಮಾಡಿದೆ. ಬ್ಯಾಗಿನಲ್ಲಿ ಸರ್ಟಿಫಿಕೇಟೂ ಆಸ್ಪತ್ರೆಯ ಪುಟದ ಪ್ರತಿಯೂ ಇದ್ದವು, ಬೇರೆ ಬೇರೆ ಕವರಿನಲ್ಲಿ. ಅಪ್ಪನ ವಂಶವೃಕ್ಷದಲ್ಲಿ ಒಬ್ಬ ಅಪ್ಪ ಮಗನನ್ನು ದತ್ತು ತೆಗೆದುಕೊಂಡಿದ್ದ. ಇಲ್ಲಿ ಮಗ ಅಪ್ಪನನ್ನು ತೆಗೆದುಕೊಂಡಿದ್ದ, ಅದೂ ಗುಮಾಸ್ತನ ಮುಂದೆ, ಸಾಕ್ಷಿಗಳ ಸಹಿಯೊಂದಿಗೆ. ಈ ವಾದವನ್ನೂ ಅಭ್ಯಾಸ ಮಾಡಿದೆ. ಅಪ್ಪನ ಮುಂದೆ ಅದು ಒಂದು ನಿಮಿಷವೂ ನಿಲ್ಲದು ಎಂದು ಬರ್ಮಿಂಗ್‌ಹ್ಯಾಮ್ ದಾಟುವ ಹೊತ್ತಿಗೆ ಗೊತ್ತಾಯಿತು.

ಅಪ್ಪ ಕನ್ನಡಕ ಬದಲಾಯಿಸಿ ಸರ್ಟಿಫಿಕೇಟು ನೋಡಿದರು. ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಇದು ಹಳೇದು. ಹುಟ್ಟಿದ ದಾಖಲೆ ತರ್ತೀನಿ ಅಂದಿದ್ದೆ."

"ಸಿಗಲಿಲ್ಲ."

ಈ ಒಂದು ಪದವನ್ನು ಹೇಳುವುದು ಇಷ್ಟು ಕಷ್ಟವಾಗಬಹುದೆಂದು ನಾನು ಎಣಿಸಿರಲಿಲ್ಲ. ಸುಳ್ಳು ಹೇಳಿದ್ದು ನನಗೆ ಅಷ್ಟಾಗಿ ಚುಚ್ಚಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು, ಮಾಡಲಾಗಲಿಲ್ಲ ಎಂದು ಈ ಒಬ್ಬರ ಮುಂದೆ ಹೇಳಿದ್ದು ಚುಚ್ಚಿತು.

ಅಪ್ಪ ಸರ್ಟಿಫಿಕೇಟನ್ನು ಕೆಳಗಿಟ್ಟರು. ಮುಖದಲ್ಲಿ ಏನೋ ಸಡಿಲವಾಯಿತು. "ಸಿಗಲಿಲ್ವಾ? ಎಷ್ಟು ತಿಂಗಳಾಯ್ತು? ಹತ್ತಾ?"

"ಹನ್ನೊಂದು."

"ಹನ್ನೊಂದು ತಿಂಗಳು! ಫಸ್ಟ್ ಕ್ಲಾಸ್ ಡಿಗ್ರಿ. ಕೇಳಿದ್ಯೇನೇ?" ಇದು ಅಡುಗೆಮನೆಯ ಕಡೆಗೆ. "ನಿನ್ನ ಮಗಳಿಗೆ ಸಿಗಲಿಲ್ವಂತೆ. ನಾನು ಅವತ್ತೇ ಹೇಳಿದೆ. ಪ್ಯಾರಿಷ್ ಗೊತ್ತಿಲ್ದೆ ಆ ದೊಡ್ಡ ಊರಲ್ಲಿ ಏನು ಹುಡುಕ್ತಾಳೆ ಇವಳು ಅಂತ. ಸೋತೆ ಅಂತ ಒಪ್ಕೊಳ್ತೀಯಾ ಹಾಗಾದ್ರೆ?"

"ಒಪ್ಕೊಳ್ತೀನಿ."

"ಬಾಯ್ಬಿಟ್ಟು ಹೇಳು."

"ಸೋತೆ ಅಪ್ಪ."

ಅವರು ಕುರ್ಚಿಗೆ ಒರಗಿದರು. ಅಷ್ಟು ಹೊತ್ತಿಗೆ ಅವರಿಗೆ ಕಪ್ತಾನನ ಮೇಲೆ ಯಾವ ದ್ವೇಷವೂ ಉಳಿದಿರಲಿಲ್ಲ. "ಇರ್ಲಿ ಬಿಡು. ಸರ್ಕಾರದ ಮುದ್ರೆ ಇದೆ. ಹಡಗಿನ ಕಪ್ತಾನ ಅಂದ್ರೆ ಮರ್ಯಾದಸ್ಥರ ಮನೆಯೇ ಇರ್ಬೇಕು. ಪುರೋಹಿತರಿಗೆ ಹೆಸರು ಬರ್ದು ಕಳಿಸು. ಕನ್ನಡದಲ್ಲಿ ಬರಿ, ಉಚ್ಚಾರ ಕೆಡಬಾರದು."

ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಅವಳು ಬಾಣಲೆಯಿಂದ ಕಣ್ಣೆತ್ತದೆ, ತಗ್ಗಿದ ದನಿಯಲ್ಲಿ, "ಸಿಕ್ತು ಅಲ್ವಾ?" ಎಂದಳು.

ನಾನು ಬಾಯಿ ತೆರೆದೆ.

"ಬೇಡ. ಹೇಳಿದ್ರೆ ನಾನು ಅವರಿಗೆ ಹೇಳ್ಬೇಕಾಗುತ್ತೆ." ಸಾಸಿವೆ ಹಾಕಿದಳು. ಅದು ಸಿಡಿಯುವಷ್ಟು ಹೊತ್ತು ಇಬ್ಬರೂ ಹಿಂದೆ ಸರಿದು ನಿಂತೆವು. "ನೀನು ಒಂದು ವಸ್ತು ಹುಡುಕಿ ಸಿಗದೆ ಇದ್ದದ್ದು ನಾನು ನೋಡಿಲ್ಲ."

ಮದುವೆ ಬರ್ಮಿಂಗ್‌ಹ್ಯಾಮಿನ ಒಂದು ಬಾಡಿಗೆ ಹಾಲಿನಲ್ಲಿ ಆಯಿತು. ಬೆಂಕಿಯ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆಂದು ಹೋಮಕ್ಕೆ ಹೊಗೆ ಕಡಿಮೆ ಮಾಡಬೇಕೆಂದು ಹಾಲಿನವರು ಎರಡು ಸಲ ಬಂದು ಹೇಳಿ ಹೋದರು. ಅವನ ತಂದೆ ಮೊದಲ ಸಾಲಿನಲ್ಲಿ ಕಾಲುಚೀಲದಲ್ಲಿ ಕೂತಿದ್ದರು, ಸೂಟು ಹಾಕಿಕೊಂಡು, ಬೂಟು ಬಾಗಿಲಲ್ಲಿ ಬಿಟ್ಟು. ಅಮ್ಮ ಚೊಂಬು ಹಿಡಿದಳು. ಅಪ್ಪ ನನ್ನ ಕೈಯನ್ನು ಅವನ ಕೈಯ ಮೇಲಿಟ್ಟರು. ಪುರೋಹಿತರು ಹೇಳಿಕೊಟ್ಟಂತೆ ಅಪ್ಪ ಹೇಳಿದರು. ಕಾಶ್ಯಪ ಗೋತ್ರದ, ಇಂಥ ಕಪ್ತಾನರ ಮರಿಮಗನಿಗೆ. ಅಪ್ಪನ ಉಚ್ಚಾರ ಸ್ಪಷ್ಟ. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತ ನಾಲಗೆ. ಆ ಡೇನಿಶ್ ಹೆಸರಿಗೆ ಸಂಸ್ಕೃತದ ವಿಭಕ್ತಿ ಸೇರಿಸಿ, ಮೂರು ಸಲ, ಎಲ್ಲರಿಗೂ ಕೇಳಿಸುವಂತೆ ಹೇಳಿದರು. ನೀರು ನಮ್ಮ ಕೈ ಮೇಲಿಂದ ತಟ್ಟೆಗೆ ಬಿತ್ತು.

ಮೊದಲನೆಯ ಸಲ ಹೆಸರು ಬಂದಾಗ ಅವನ ತಂದೆ ತಲೆಯೆತ್ತಿದರು. ಮೂರನೆಯ ಸಲಕ್ಕೆ ತಲೆ ತಗ್ಗಿಸಿದ್ದರು. ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು, "ಥ್ಯಾಂಕ್ಸ್ ಹೇಳುವುದಿಲ್ಲ" ಎಂದರು. "ಬೇಡ" ಎಂದೆ. ಅವರು ಎಲೆಯ ಮೇಲಿದ್ದ ಉಪ್ಪಿನಕಾಯಿಯನ್ನು ತೋರಿಸಿ ಇದು ಖಾರವೇ ಎಂದು ಕೇಳಿದರು. ಇಲ್ಲ ಎಂದೆ.

ಇದು ಇಲ್ಲಿಗೆ ಮುಗಿಯಬೇಕಿತ್ತು. ನಾನು ಮುಗಿಸಿದ್ದೆ. ಆದರೆ ಅಪ್ಪ ಮುಗಿಸಲಿಲ್ಲ. ಮನೆಗೆ ಯಾರು ಬಂದರೂ ಅವರಿಗೆ ಈ ಕಥೆ ಬೇಕು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳುತ್ತಾರೆ. ಮೊದಲು ಹನ್ನೊಂದು ತಿಂಗಳಿದ್ದದ್ದು ಈಗ ಎರಡು ವರ್ಷವಾಗಿದೆ. ಈ ಸಲದ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ, ನನ್ನ ಮಾವನನ್ನೂ ಕರೆದಿದ್ದೆವು, ಅಪ್ಪ ಒಬ್ಬಟ್ಟು ಮುರಿಯುತ್ತಾ ಶುರು ಮಾಡಿದರು. ಮಾವನಿಗೂ ತಿಳಿಯಲಿ ಎಂದು ಅರ್ಧ ಇಂಗ್ಲಿಷಿನಲ್ಲಿ. "ಕಂಪನಿಯವರು ಇವಳಿಗೆ ತಪ್ಪು ಹುಡುಕೋ ಕೆಲಸ ಕೊಟ್ಟಿದ್ದಾರೆ. ಒಬ್ಬ ಮುತ್ತಾತನ್ನ ಹುಡುಕಕ್ಕಾಗ್ಲಿಲ್ಲ. ಕೊನೆಗೆ ನಾನೇ ಪಾಪ ಅಂತ ಬಿಟ್ಟುಕೊಟ್ಟೆ." ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನನ್ನು ನೋಡಿದರು.

ಮರುದಿನ ಅವರಿಗೆ ಫೋನು ಮಾಡಿ, ಇದನ್ನು ಬರೆಯಬಹುದೇ ಎಂದು ಕೇಳಿದೆ.

"ಯಾವ ಭಾಷೆಯಲ್ಲಿ?"

"ಕನ್ನಡದಲ್ಲಿ."

"ನಿಮ್ಮಪ್ಪ ಓದುತ್ತಾರಾ?"

"ಕನ್ನಡದಲ್ಲಿ ಅಚ್ಚಾದದ್ದನ್ನೆಲ್ಲ ಓದುತ್ತಾರೆ."

"ನನಗೆ ವಯಸ್ಸಾಯಿತು. ಇನ್ನು ಯಾರ ಎದುರಿಗೂ ಕೂರಬೇಕಾಗಿಲ್ಲ. ಬರೆ. ಕಪ್ತಾನನ ಹೆಸರು ಮಾತ್ರ ಹಾಕಬೇಡ. ಅದು ನಮ್ಮ ಮನೆಯದು."

ಹಾಗಾಗಿ ಹೆಸರು ಹಾಕಿಲ್ಲ. ಯಾರದನ್ನೂ ಹಾಕಿಲ್ಲ.

ಅಪ್ಪ, ಸಿಗಲಿಲ್ಲ ಎಂದದ್ದು ಸುಳ್ಳು. ಸಿಕ್ಕಿತ್ತು. ಪೊಲೀಸ್ ಹಾಳೆ, ಹೆರಿಗೆ ಆಸ್ಪತ್ರೆಯ ಪುಟ, ತಾಳೆ ನೋಡಿದ ಟಿಪ್ಪಣಿ, ಎಲ್ಲದರ ಪ್ರತಿ ಹೆಡಿಂಗ್ಲೀಯ ಮನೆಯಲ್ಲಿ ಇದೆ. ನೀವು ಮೂರು ಸಲ ಹೇಳಿ ನೀರು ಬಿಟ್ಟಾಗಿದೆ. ತಗೊಂಡ ಮೇಲೆ ಮುಗೀತು ಎಂದು ನೀವೇ ಹೇಳಿದ್ದು. ನೋಡಬೇಕೆನಿಸಿದರೆ ಶನಿವಾರ ಬೆಳಿಗ್ಗೆ ಬನ್ನಿ. ಬರುವ ಮೊದಲು ಫೋನು ಮಾಡಿ. ಹಲೋ ಎಂದೇ ಶುರು ಮಾಡಿ.